ಚೀಟಿಯಮ್ಮನ ಕ್ಯಾಮೆರಾ

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಆ ರಿಪೇರಿ ಅಂಗಡಿಯವರು ಬಾಗಿಲೊಂದನ್ನೇ ಹಾಕಿ ಸುಮ್ಮನಾಗಲಿಲ್ಲ. ಕಿಟಕಿ, ಕಿಂಡಿ, ಕಂಪ್ಯೂಟರು ಎಲ್ಲವನ್ನೂ ಭದ್ರ ಮಾಡಿದರು. ಗಲ್ಲಾಪೆಟ್ಟಿಗೆಯ ಪಕ್ಕದ ಸ್ಟೂಲಿನ ಮೇಲೆ ಇಪ್ಪತ್ತಾರು ವರ್ಷ ಕೂತಿದ್ದವಳು ಚೀಟಿಯಮ್ಮ. ಭದ್ರ ಮಾಡಿ ಮುಗಿಯುವ ಹೊತ್ತಿಗೆ ಅವಳು ಬಾಗಿಲಿನ ಆಚೆಗಿದ್ದಳು.

ಕಳ್ಳ ಬಂದದ್ದು ಹಿಂದಿನ ಬಚ್ಚಲಿನ ಕಿಂಡಿಯಿಂದ. ಮುಂದಿನ ಷಟರ್‌ಗೆ ಮುಷ್ಟಿ ಗಾತ್ರದ ಎರಡು ಬೀಗ, ಹಿಂದಿನ ಕಿಂಡಿಗೆ ನಾಲ್ಕು ಗಾಜಿನ ಪಟ್ಟಿ. ಅವನು ಪಟ್ಟಿಗಳನ್ನು ಒಂದೊಂದಾಗಿ ಎಳೆದು, ಒಡೆಯದೆ ಗೋಡೆಗೆ ಒರಗಿಸಿಟ್ಟು ಒಳಗಿಳಿದಿದ್ದ. ಆರು ಫೋನು, ಒಂದು ಲ್ಯಾಪ್‌ಟಾಪು ಹೋಗಿದ್ದವು.

"ಕೆಲಸ ಅಚ್ಚುಕಟ್ಟು," ಎಂದರು ಚೀಟಿಯಮ್ಮನ ಗಂಡ, ಅಂಗಡಿಯ ಯಜಮಾನರು, ಗಾಜಿನ ಪಟ್ಟಿಗಳನ್ನು ತಿರುಗಿಸಿ ನೋಡುತ್ತ. "ಬಂದು ಕೇಳಿದ್ರೆ ಕೆಲಸಾನೇ ಕೊಡ್ತಿದ್ದೆ."

ಮಗನಿಗೆ ನಗು ಬರಲಿಲ್ಲ. ಅವನ ಕಣ್ಣು ನೆಲದ ಮೇಲಿತ್ತು. ಅಲ್ಲಿ ಅವನ ತಾಯಿಯ ನೋಟುಬುಕ್ಕು ತೆರೆದು ಬಿದ್ದಿತ್ತು. ಹಾಳೆಯ ಮೇಲೆ ಕಳ್ಳನ ಹೆಜ್ಜೆಯ ಅರ್ಧ ಗುರುತಿತ್ತು.

ಚೀಟಿಯಮ್ಮ ಎಂಬ ಹೆಸರು ಅವಳಿಗೆ ಗಿರಾಕಿಗಳು ಇಟ್ಟದ್ದು. ಯಾರು ಏನು ತಂದರೂ ಅವಳು ದಪ್ಪ ಕಾಗದದ ಚೀಟಿಯಲ್ಲಿ ಹೆಸರು, ಕಾಯಿಲೆ ಬರೆದು ಮಧ್ಯಕ್ಕೆ ಕೈಯಿಂದಲೇ ಹರಿಯುತ್ತಿದ್ದಳು. ಅರ್ಧವನ್ನು ಸಾಮಾನಿಗೆ ದಾರ ಹಾಕಿ ಕಟ್ಟುವುದು, ಇನ್ನರ್ಧ ಗಿರಾಕಿಯ ಕೈಗೆ. ವಾಪಸ್ ಒಯ್ಯಲು ಬಂದಾಗ ಎರಡೂ ಅಂಚು ಕೂಡಬೇಕು. ಕತ್ತರಿ ಕೊಟ್ಟರೆ ಬೇಡ ಎನ್ನುತ್ತಿದ್ದಳು. "ಕತ್ತರಿ ಎಲ್ಲರ ಕೈಯಲ್ಲೂ ಒಂದೇ ತರ ಓಡುತ್ತೆ. ಹರಿದಿದ್ದು ಇನ್ನೊಂದು ಸಲ ಹಾಗೇ ಹರಿಯಲ್ಲ." ಅಷ್ಟು ವರ್ಷದಲ್ಲಿ ಒಬ್ಬರ ಮಿಕ್ಸಿ ಇನ್ನೊಬ್ಬರ ಮನೆಗೆ ಹೋದದ್ದಿಲ್ಲ.

ಮಿಕ್ಸಿ, ಫ್ಯಾನುಗಳ ಕಾಲ ಹೋಗಿ ಫೋನು, ಲ್ಯಾಪ್‌ಟಾಪುಗಳ ಕಾಲ ಬಂತು. ಅವನ್ನು ತೆರೆಯುವ ಗುಟ್ಟಿನ ನಂಬರುಗಳನ್ನು ಅವಳು ನೋಟುಬುಕ್ಕಿನಲ್ಲಿ ಬರೆದಿಡತೊಡಗಿದಳು. ಗೆರೆ ಎಳೆದು ತೆರೆಯುವ ಫೋನಾದರೆ ಒಂಬತ್ತು ಚುಕ್ಕಿ ಇಟ್ಟು ಗೆರೆಯನ್ನೂ ಎಳೆಯುತ್ತಿದ್ದಳು.

"ಅಮ್ಮ, ಅವನು ಫೋನ್ ಬಿಟ್ಟು ಇದನ್ನ ಒಯ್ದಿದ್ರೆ ನಮ್ಮ ಕತೆ ಮುಗೀತಿತ್ತು," ಎಂದ ಮಗ. "ಹೆಸರು, ವಿಳಾಸ, ಪಾಸ್‌ವರ್ಡು, ಎಲ್ಲಾ ದುಂಡಗೆ ಬರೆದಿಟ್ಟಿದ್ದೀಯ."

"ಅಕ್ಷರ ಎಲ್ಲರಿಗೂ ಕಾಣ್ಬೇಕಲ್ಲಪ್ಪ."

"ಕಳ್ಳಂಗೂ ಕಾಣ್ಬೇಕಾ?"

ಅವಳು ಅವತ್ತು ಸಂಜೆ ಹಿಂದಿನ ಮೆಟ್ಟಿಲ ಮೇಲೆ ಕೂತು ಎಂಟು ವರ್ಷದ ನೋಟುಬುಕ್ಕುಗಳನ್ನು ತಾನೇ ಹರಿದು ಬಕೆಟ್ಟಿನ ನೀರಿಗೆ ಹಾಕಿದಳು. ನೀರು ನೀಲಿಯಾಯಿತು. ಕೈ ತೊಳೆದರೂ ಉಗುರಿನ ಸಂದಿಯ ಶಾಯಿ ಎರಡು ದಿನ ಹೋಗಲಿಲ್ಲ.

ಆಮೇಲೆ ಹದಿನೈದು ದಿನ ಅಂಗಡಿಯಲ್ಲಿ ಬರೀ ಡ್ರಿಲ್ಲಿಂಗ್ ಸದ್ದು. ಬಚ್ಚಲ ಕಿಂಡಿಗೆ ಕಬ್ಬಿಣದ ಜಾಲರಿ ಬಂತು. ಷಟರ್‌ಗೆ ಅಲಾರಂ, ಕೌಂಟರಿನ ಮೇಲೆ ಮೂಲೆಯಲ್ಲಿ ಕ್ಯಾಮೆರಾ, ಕಂಪ್ಯೂಟರಿಗೆ ತಿಂಗಳಿಗೊಂದು ಪಾಸ್‌ವರ್ಡು. ಚೀಟಿ ನಿಂತಿತು. ಸಾಮಾನು ಸಿದ್ಧವಾದರೆ ಗಿರಾಕಿಯ ಫೋನಿಗೆ ಅಂಗಡಿಯಿಂದ ಮೆಸೇಜು ಹೋಗುತ್ತದೆ, ಅದರಲ್ಲಿರುವ ಸಂಖ್ಯೆ ತೋರಿಸಿ ಒಯ್ಯಬೇಕು. ಬೋರ್ಡಿನ ಮೇಲೆ ಮೊದಲಿನಿಂದ ಬರೆಸಿದ್ದ ನಂಬರು ಚೀಟಿಯಮ್ಮನದು. ಊರಿಗೆಲ್ಲ ಗೊತ್ತಿರುವ ನಂಬರು ಬಿಡುವುದೇಕೆ ಎಂದು ಮಗ ಆ ನಂಬರಿನಲ್ಲೇ ಮೆಸೇಜಿನ ಖಾತೆ ತೆರೆದು ಅಂಗಡಿಯ ಫೋನಿಗೆ ಹಾಕಿಕೊಂಡ. ಗಿರಾಕಿಗಳ ಮಾತೆಲ್ಲ ಮೆಸೇಜಿಗೆ ಹೋದ ಮೇಲೆ ಆ ನಂಬರಿಗೆ ಕರೆ ಬರುವುದೇ ನಿಂತಿತು, ಸಿಮ್ ಮಾತ್ರ ಅವಳ ಫೋನಿನಲ್ಲೇ ಉಳಿಯಿತು.

"ಯಾರಾದ್ರೂ ಫೋನ್ ಮಾಡಿ, ಒಂದು ನಂಬರ್ ಬಂದಿದೆ ಹೇಳಿ ಅಂತ ಕೇಳಿದ್ರೆ ಹೇಳ್ಬಾರ್ದು," ಎಂದು ಅವಳಿಗೆ ತಾಕೀತು ಮಾಡಿದ.

"ನಂಗ್ಯಾರು ಫೋನ್ ಮಾಡ್ತಾರೆ?" ಎಂದಳು ಅವಳು.

ಅಲಾರಂ ಮಾತ್ರ ಅವಳಿಗೆ ಒಗ್ಗಲಿಲ್ಲ. ಅಂಗಡಿ ತೆರೆದ ಕೂಡಲೇ ಒದ್ದೆ ಬಟ್ಟೆ ಹಿಡಿದು ಕೌಂಟರು, ಮೇಜು, ಸ್ವಿಚ್ಚು ಎಲ್ಲ ಒರೆಸುವುದು ಅವಳ ಪದ್ಧತಿ. ಗೋಡೆಗೆ ಹೊಸದಾಗಿ ಬಂದ ಅಲಾರಮ್ಮಿನ ಗುಂಡಿಗಳನ್ನೂ ಒರೆಸಿದಳು. ಅದು ಅವಳ ಒರೆಸಾಟವನ್ನು ತಪ್ಪು ಪಾಸ್‌ವರ್ಡೆಂದು ಎಣಿಸಿತು. ಮೂರು ಸಲ ಸಹಿಸಿಕೊಂಡು ನಾಲ್ಕನೇ ಸಲಕ್ಕೆ ಇಡೀ ಬೀದಿ ಎದ್ದು ನಿಲ್ಲುವಂತೆ ಕಿರುಚಿತು. ಪಕ್ಕದ ಟೈಲರು ಅರ್ಧ ಹೊಲಿದ ಪ್ಯಾಂಟು ಹಿಡಿದುಕೊಂಡೇ ಓಡಿಬಂದ. ಮರುವಾರ ಇನ್ನೊಮ್ಮೆ ಹಾಗೇ ಆಯಿತು.

"ಅದನ್ನ ಮುಟ್ಬೇಡ ಅಂದಿರ್ಲಿಲ್ವಾ ಅಮ್ಮ?"

"ಮುಟ್ಟಿಲ್ಲ ಕಣೋ, ಒರೆಸಿದೆ."

ಮಗ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳೂ ನಾಲ್ಕು ಮಾತು ಆಡಿಬಿಡುತ್ತಿದ್ದಳು. ಅವನು ಮೆತ್ತಗೆ ಹೇಳಿದ: "ಇನ್ಮೇಲೆ ನೀನು ಮನೇಲಿರಮ್ಮ. ಸಾಕು ದುಡಿದಿದ್ದು. ಆರಾಮಾಗಿರು."

ಕೆಲಸದಿಂದ ತೆಗೆಯುವಾಗ ಬೇರೆಯವರಿಗೆ ನೋಟೀಸು ಕೊಡುತ್ತಾರೆ, ತಾಯಿಗೆ ಆರಾಮ ಕೊಡುತ್ತಾರೆ. ಅವಳು ಗಂಡನ ಮುಖ ನೋಡಿದಳು. ಯಜಮಾನರು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಯಾವುದೋ ಫೋನಿನ ಹೊಟ್ಟೆಯೊಳಗೆ ಮುಳುಗಿದ್ದರು. ಏನೂ ಹೇಳಲಿಲ್ಲ. ಆ ಸುಮ್ಮನಿರುವಿಕೆಯನ್ನು ಅವಳು ಮನೆಗೆ ಹೊತ್ತುಕೊಂಡು ಹೋದಳು.

ಮನೆ ಎರಡನೇ ಮಹಡಿಯಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ. ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಏಳೂವರೆಗೇ ಹೊರಡುತ್ತಿದ್ದಳು. ಒಂಬತ್ತೂವರೆಗೆ ಅಪ್ಪ, ಮಗ ಊಟದ ಡಬ್ಬಿ ತೆಗೆದುಕೊಂಡು ಇಳಿದು ಹೋಗುತ್ತಿದ್ದರು. ಮೆಟ್ಟಿಲ ಮೇಲಿನ ಚಪ್ಪಲಿ ಸದ್ದು ಅಡಗಿತೆಂದರೆ ಸಂಜೆ ಏಳರವರೆಗೆ ಫ್ರಿಜ್ಜೊಂದೇ ಮಾತಾಡುವುದು. ಅವಳು ತೊಳೆದ ಪಾತ್ರೆಯನ್ನೇ ತೊಳೆದಳು. ಕುಕ್ಕರಿನ ಸೀಟಿಗಳನ್ನು ಗಟ್ಟಿಯಾಗಿ ಎಣಿಸಿದಳು, ಕಿವಿಗೆ ಒಂದು ಮನುಷ್ಯರ ದನಿಯಾದರೂ ಬೀಳಲಿ ಎಂದು. ಅಂಗಡಿಯಲ್ಲಿ ದಿನಕ್ಕೆ ನಲವತ್ತು ಜನರ ಹತ್ತಿರ ಮಾತಾಡುತ್ತಿದ್ದ ಬಾಯಿ ಅದು. ಈಗ ಮಧ್ಯಾಹ್ನದ ಹೊತ್ತಿಗೆ ಅಳು ಬರುತ್ತಿತ್ತು, ಅಳುವುದಕ್ಕೆ ಕಾರಣ ಏನೆಂದು ಯಾರಿಗಾದರೂ ಹೇಳಹೋದರೆ ಹೇಳುವಂಥದ್ದು ಏನೂ ಇರಲಿಲ್ಲ.

ಮೊದಲು ಗಮನಿಸಿದವಳು ಸೊಸೆ. ಒಂದು ಸಂಜೆ ಪಾತ್ರೆಯ ಮುಚ್ಚಳ ತೆಗೆದು ಪಲ್ಯ ನೋಡಿದಳು. ಬೀನ್ಸನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಲಾಗಿತ್ತು.

"ಅತ್ತೆ, ಇಷ್ಟು ಸಣ್ಣಗೆ ಹೆಚ್ಚೋಕೆ ಎಷ್ಟು ಹೊತ್ತು ಬೇಕು?"

"ಹೊತ್ತಿಗೇನು ಬರ? ಬೇಕಾದಷ್ಟಿದೆ."

ಸೊಸೆ ಅವಳ ಫೋನು ಇಸಿದುಕೊಂಡು ಏನೇನೋ ಒತ್ತಿ ವಾಪಸ್ ಕೊಟ್ಟಳು. ಪರದೆಯ ಮೇಲೆ ಅಂಗಡಿ ಇತ್ತು. ಇಡೀ ಅಂಗಡಿ, ಮೇಲಿನ ಮೂಲೆಯಿಂದ ಕಾಣುವ ಹಾಗೆ.

"ನಿಮ್ಮ ಮಗಂಗೆ ಹೇಳ್ಬೇಡಿ. ಕ್ಯಾಮೆರಾ ಎಲ್ಲರ ಫೋನಲ್ಲೂ ಇರ್ಬಾರ್ದು ಅಂತಾರೆ. ಸದ್ದು ಕೇಳಲ್ಲ, ನೋಡ್ಬಹುದು ಅಷ್ಟೇ."

"ನೋಡಿದ್ರೆ ಸಾಕು," ಎಂದಳು ಚೀಟಿಯಮ್ಮ.

ಮೇಲಿನಿಂದ ನೋಡಿದರೆ ಗಂಡನ ನೆತ್ತಿ ಅಷ್ಟು ಬೋಳಾಗಿದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ತನ್ನ ಸ್ಟೂಲಿನ ಮೇಲೆ ಒಂದು ಪ್ರಿಂಟರು ಕೂತಿತ್ತು. ಮಧ್ಯಾಹ್ನ ಒಂದು ಗಂಟೆಗೆ ಮಗ ನಿಂತುಕೊಂಡೇ ಐದು ನಿಮಿಷದಲ್ಲಿ ಊಟ ಮುಗಿಸಿ, ಹೆಲ್ಮೆಟ್ಟು ಹಾಕಿ ಸ್ಪೇರ್ ತರಲು ಹೋಗುತ್ತಿದ್ದ. ಒಂದೂವರೆಗೆ ಯಜಮಾನರು ಮೇಜಿನ ಮೇಲೆ ಹಳೇ ಪೇಪರು ಹಾಸಿ ಒಬ್ಬರೇ ಊಟಕ್ಕೆ ಕೂರುತ್ತಿದ್ದರು. ಚೀಟಿಯಮ್ಮ ಫೋನನ್ನು ನೀರಿನ ಲೋಟಕ್ಕೆ ಒರಗಿಸಿ ತಾನೂ ತಟ್ಟೆ ಹಾಕಿಕೊಳ್ಳತೊಡಗಿದಳು. ಅವರು ಮೊದಲ ತುತ್ತು ಎತ್ತಿದ ಮೇಲೆ ಇವಳೂ ಎತ್ತುವುದು. ಅವರು ನೀರು ಕುಡಿದರೆ ಇವಳೂ ಕುಡಿಯುವುದು. ಜೊತೆಗೆ ಕೂತು ಉಂಡಂತೆಯೇ ಆಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಆದರೆ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು.

ಒಂದು ವಿಷಯ ಮಾತ್ರ ಅವಳಿಗೆ ಸಹಿಸಲಾಗಲಿಲ್ಲ. ಯಜಮಾನರು ಅನ್ನದಿಂದ ಬೀನ್ಸ್ ಆರಿಸಿ ಆರಿಸಿ ಮುಚ್ಚಳಕ್ಕೆ ಹಾಕುತ್ತಿದ್ದರು. ಕಾಣದ ಸ್ಕ್ರೂಗಳನ್ನು ಆರಿಸಿ ಪಳಗಿದ ಕೈ. ಎಷ್ಟು ಸಣ್ಣಗೆ ಹೆಚ್ಚಿದರೂ ಒಂದು ಚೂರನ್ನೂ ಬಿಡುತ್ತಿರಲಿಲ್ಲ. ಆಮೇಲೆ ಮುಚ್ಚಳ ಎತ್ತಿಕೊಂಡು ಹಿಂದಿನ ಮೆಟ್ಟಿಲಿಗೆ ಹೋಗುವುದು, ಅಲ್ಲಿ ಕಾಯುವ ಬೆಕ್ಕಿನ ಮುಂದೆ ಕೊಡವಿ ಬರುವುದು.

ಹನ್ನೊಂದು ದಿನ ನೋಡಿಯೂ ಸುಮ್ಮನಿದ್ದಳು. ಹನ್ನೆರಡನೇ ದಿನ ಸಂಜೆ ನಾಲ್ವರೂ ಊಟಕ್ಕೆ ಕೂತಿದ್ದರು. ಅವಳು ಸೌಟು ಎತ್ತಿದಳು.

"ನಂಗೆ ಬೀನ್ಸ್ ಬೇಡ," ಎಂದರು ಯಜಮಾನರು ತಟ್ಟೆಗೆ ಕೈ ಅಡ್ಡ ಹಿಡಿದು. "ಮಧ್ಯಾಹ್ನ ತಾನೇ ಅಷ್ಟೊಂದು ತಿಂದಿದ್ದೀನಿ."

"ನೀವೆಲ್ಲಿ ತಿಂದ್ರಿ? ಬೆಕ್ಕು ತಿಂತು."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಆಡಿದ ಮಾತು ಆಡಿಹೋಗಿತ್ತು. ಮಗ ತಲೆ ಎತ್ತಿದ.

"ನಿಂಗೆ ಹೇಗೆ ಗೊತ್ತಮ್ಮ?"

ಅವಳು ಸೌಟಿನ ಕಡೆ ನೋಡಿದಳು. ಸೊಸೆಯೇ ಬಾಯಿ ಬಿಟ್ಟಳು: "ಅವರ ಫೋನಿಗೆ ಕ್ಯಾಮೆರಾ ನಾನೇ ಹಾಕಿಕೊಟ್ಟೆ. ದಿನವಿಡೀ ಒಬ್ಬರೇ ಇರ್ತಾರೆ."

"ಟಿ.ವಿ. ಹಾಕಿಕೊಡ್ಬೇಕಿತ್ತು! ಒಂದು ಫೋನ್ ಕಳೆದ್ರೆ ಅಂಗಡಿ ಪೂರ್ತಿ ಅದರ ಜೊತೆ ಹೋಗುತ್ತೆ ಅಂತ ಎಷ್ಟು ಸಲ ಹೇಳಿಲ್ಲ? ಎಲ್ಲಿ ಏನಿದೆ, ಯಾರು ಯಾವಾಗ ಇರಲ್ಲ, ಎಲ್ಲಾ ಕಾಣುತ್ತೆ ಅದರಲ್ಲಿ."

"ನಿಮ್ಮಮ್ಮ ಬಚ್ಚಲ ಕಿಂಡೀಲಿ ಇಳಿಯಲ್ಲ ಬಿಡಿ."

"ಮಾತು ತಿರುಗಿಸ್ಬೇಡ."

ಯಜಮಾನರ ಮುಖ ಕೆಂಪಾಗಿತ್ತು. ಮಕ್ಕಳೆದುರು ಬೆಕ್ಕಿನ ವಿಷಯ ಬಂದದ್ದೇ ಅವರಿಗೆ ಅವಮಾನವಾಗಿತ್ತು. "ಮನೇಲೂ ನೀನೇ, ಅಲ್ಲೂ ನೀನೇನಾ?" ಎಂದರು. "ಮನುಷ್ಯ ಒಂದು ತುತ್ತು ನೆಮ್ಮದಿಯಾಗಿ ತಿನ್ನೋ ಹಾಗಿಲ್ಲ. ನಾನೇನು ಕಳ್ಳನಾ, ಕಾಯೋಕೆ?"

"ಕಾಯೋಕೆ ಅಲ್ಲ ರೀ. ನೋಡೋಕೆ ನಂಗೆ ಬೇರೆ ಏನಿದೆ ಹೇಳಿ."

ಯಜಮಾನರು ಅರ್ಧ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಬೀನ್ಸು ಪಾತ್ರೆಯಲ್ಲೇ ಆರಿ ಉಳಿಯಿತು.

ಮರುದಿನ ಒಂದೂವರೆಗೆ ಲೋಟಕ್ಕೆ ಫೋನು ಒರಗಿಸಿದರೆ ಪರದೆ ಕಪ್ಪಾಗಿತ್ತು. ನಡುವೆ ಒಂದು ಸಾಲು: ನಿಮಗೆ ಅನುಮತಿ ಇಲ್ಲ.

ಮಗನನ್ನು ಕೇಳಬಹುದಿತ್ತು. ಕೇಳಿದರೆ ಸೊಸೆಗೆ ಮತ್ತೆ ಮಾತು ಬರುತ್ತದೆ. ಗಂಡನನ್ನು ಕೇಳಬಹುದಿತ್ತು. ಅವರೇ ತೆಗೆಸಿದರೋ ಏನೋ, ಯಾರಿಗೆ ಗೊತ್ತು? ಅವಳು ಯಾರನ್ನೂ ಕೇಳಲಿಲ್ಲ. ಜಗಳವಾದ ಮೇಲೆ ಗಂಡ ಹೆಂಡತಿ ನಡುವೆ "ಟೀ ಬೇಕಾ", "ಬೇಕು" ಇಷ್ಟೇ ವ್ಯವಹಾರ. ಡಬ್ಬಿ ಮಾತ್ರ ಈಗ ದಿನಾ ತೊಳೆದು ಬರುತ್ತಿತ್ತು. ಅಂಗಡಿ ನಲ್ಲಿಯಲ್ಲಿ ನೀರು ಬಿಟ್ಟುಕೊಂಡಿರಬೇಕು ಎಂದುಕೊಂಡಳು. ಬೆಕ್ಕಿಗೆ ಹಾಕಿದ ಗುರುತು ಸಿಗದಿರಲಿ ಎಂದು ತೊಳೆಯುತ್ತಾರೆ ಎಂದೂ ಅನಿಸಿತು. ಹೀಗೆ ಮೂರು ವಾರ. ಒಂದೂವರೆಗೆ ಊಟಕ್ಕೆ ಕೂರುವ ಅಭ್ಯಾಸ ಮಾತ್ರ ಹೋಗಲಿಲ್ಲ. ಎದುರಿಗೆ ಲೋಟ ಇರುತ್ತಿತ್ತು, ಲೋಟಕ್ಕೆ ಒರಗಿಸಲು ಏನೂ ಇರುತ್ತಿರಲಿಲ್ಲ.

ಮೂರನೇ ವಾರದ ಗುರುವಾರ ಅವಳು ಫೋನಿನ ಮೈಕು ಒತ್ತಿ, "ಅಂಗಡಿ ಕ್ಯಾಮೆರಾ ಕಾಣ್ತಿಲ್ಲ," ಎಂದಳು. ಫೋನು ಹತ್ತಾರು ಸಾಲು ತೋರಿಸಿತು. ಮೊದಲ ಸಾಲಿನಲ್ಲೇ "ಕ್ಯಾಮೆರಾ ಸಹಾಯ, ಇಪ್ಪತ್ತನಾಲ್ಕು ಗಂಟೆ" ಎಂದು ಒಂದು ನಂಬರು. ಒತ್ತಿದಳು. ಒಂದೇ ರಿಂಗಿಗೆ ಎತ್ತಿದರು.

"ಹೇಳಿ ಅಮ್ಮ," ಎಂದಿತು ಒಂದು ಎಳೆಯ ಗಂಡು ದನಿ. "ಊಟ ಆಯ್ತಾ?"

ಮಧ್ಯಾಹ್ನದ ಹೊತ್ತಿನಲ್ಲಿ ಯಾರಾದರೂ ಅವಳನ್ನು ಊಟ ಆಯಿತಾ ಎಂದು ಕೇಳಿ ಎಷ್ಟೋ ದಿನವಾಗಿತ್ತು. "ಮಾಡ್ಬೇಕಪ್ಪ," ಎಂದಳು. ಕ್ಯಾಮೆರಾ ಕಪ್ಪಾದದ್ದನ್ನು ಹೇಳಿದಳು. ಅವನು ಎಲ್ಲ ಕೇಳಿಸಿಕೊಂಡ, ನಡುವೆ ಬಾಯಿ ಹಾಕಲಿಲ್ಲ.

"ನಿಮ್ಗೆ ಅಂಗಡಿ ಮತ್ತೆ ಕಾಣ್ಬೇಕು. ಅಷ್ಟೇ ತಾನೆ?"

"ಅಷ್ಟೇ."

ಅಂಗಡಿಯ ಮೆಸೇಜು ಬರುವುದು ಯಾವ ನಂಬರಿನಿಂದ ಎಂದು ಕೇಳಿದ. ಇದೇ ನಂಬರು ಎಂದಳು. ಈಗ ಆರು ಅಂಕಿಯ ಒಂದು ಸಂಖ್ಯೆ ಬರುತ್ತದೆ, ಓದಿ ಹೇಳಿ ಎಂದ. ಮಗನ ತಾಕೀತು ಅವಳಿಗೆ ನೆನಪಿತ್ತು. ಆದರೆ ಅದು ಯಾರಾದರೂ ಫೋನ್ ಮಾಡಿ ಕೇಳಿದರೆ ಎಂಬ ಮಾತು. ಇವನೇನು ಮಾಡಿಲ್ಲವಲ್ಲ, ಮಾಡಿದ್ದು ನಾನು ಎಂದು ತರ್ಕ ಮಾಡಿದಳು. ಕನ್ನಡಕ ಏರಿಸಿಕೊಂಡು ಆರು ಅಂಕಿಯನ್ನೂ ನಿಧಾನವಾಗಿ, ಸ್ಪಷ್ಟವಾಗಿ ಓದಿದಳು.

"ಒಂದು ಗಂಟೇಲಿ ಕಾಣುತ್ತೆ ಅಮ್ಮ. ಊಟ ಮಾಡಿ."

ನಾಲ್ಕು ಗಂಟೆಯವರೆಗೆ ಕಾದಳು. ಪರದೆ ಕಪ್ಪಾಗಿಯೇ ಇತ್ತು.

ಅಷ್ಟು ಹೊತ್ತಿಗೆ ಅಂಗಡಿಯ ಗಿರಾಕಿಗಳಿಗೆಲ್ಲ ಅಂಗಡಿಯ ಹೆಸರಿನಲ್ಲೇ ಮೆಸೇಜು ಹೋಗಿತ್ತು: ನಿಮ್ಮ ಸಾಮಾನು ಸಿದ್ಧ, ಇವತ್ತೇ ಈ ಖಾತೆಗೆ ಹಣ ಹಾಕಿದವರಿಗೆ ಅರ್ಧಕ್ಕರ್ಧ ರಿಯಾಯಿತಿ. ಏಳು ಜನ ಹಾಕಿಯೂಬಿಟ್ಟಿದ್ದರು. ಅಂಗಡಿಯ ಫೋನಿನಲ್ಲಿ ಖಾತೆಯೇ ತೆರೆಯುತ್ತಿರಲಿಲ್ಲ, ಅದು ಬೇರೆಯವರ ಕೈ ಸೇರಿತ್ತು.

ಸಂಜೆ ಮಗ ಮೆಟ್ಟಿಲು ಹತ್ತಿ ಬಂದವನು ಚಪ್ಪಲಿ ಕಳಚುವ ಮೊದಲೇ ಕೇಳಿದ: "ಅಮ್ಮ, ನಿಂಗೆ ಯಾರಾದ್ರೂ ಫೋನ್ ಮಾಡಿ ನಂಬರ್ ಕೇಳಿದ್ರಾ?"

ಮಧ್ಯಾಹ್ನದ ಎಳೆಯ ದನಿ ಯಾರದೆಂದು ಆ ಕ್ಷಣದಲ್ಲಿ ಅವಳಿಗೆ ಅರ್ಥವಾಯಿತು. "ನಂಗೆ ಯಾರೂ ಫೋನ್ ಮಾಡಿಲ್ಲ," ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದಕ್ಕೇ ಇನ್ನೂ ಹೆಚ್ಚು ಚುಚ್ಚಿತು.

"ಹಾಗಾದ್ರೆ ಅಪ್ಪನೇ," ಎಂದ ಮಗ. ಊಟಕ್ಕೆ ಕೂತ ಮೇಲೂ ಬಿಡದೆ ಅಪ್ಪನ ಕಡೆ ತಿರುಗಿದ. "ನಾನು ಸ್ಪೇರ್ ತರೋಕೆ ಹೋದಾಗ ಅಂಗಡಿ ಫೋನ್ ಹತ್ರ ಇದ್ದಿದ್ದು ನೀನೊಬ್ಬನೇ. ಏನೋ ಬಂದಿರುತ್ತೆ, ಒತ್ತಿರ್ತೀಯ."

"ನಾನು ಮುಟ್ಟಿಲ್ಲ."

"ಮುಟ್ಟದೇ ಹೇಗಾಗುತ್ತೆ? ಏಳು ಜನ, ಅಪ್ಪ. ನಮ್ಮ ಮುಖ ನೋಡಿ ಹಾಕಿರೋ ದುಡ್ಡು. ಕಳ್ಳ ಬಂದಾಗ ಸಾಮಾನು ಹೋಯ್ತು ಅಷ್ಟೇ. ಇವತ್ತು ಹೆಸರೇ ಹೋಯ್ತು."

"ಮುಟ್ಟಿಲ್ಲ ಅಂದ್ನಲ್ಲ."

"ಒಂದೂವರೆಯಿಂದ ಎರಡರ ಒಳಗೆ ಆಗಿರೋದು. ನಾಳೆ ಅಂಗಡೀಲಿ ಕ್ಯಾಮೆರಾ ರೆಕಾರ್ಡಿಂಗ್ ತೆಗೆದು ನೋಡ್ತೀನಿ. ಆಗ ಹೇಳು."

"ರೀ, ಆ ಖಾತೆಗೆ ಎರಡನೇ ಪಿನ್ ಅಂತ ಇರುತ್ತಲ್ಲ," ಎಂದಳು ಸೊಸೆ. "ಅದು ಹಾಕಿದ್ರೆ ಬರೀ ನಂಬರ್ ಸಿಕ್ರೂ ಏನೂ ಮಾಡೋಕಾಗಲ್ಲ. ನೀವು ಹಾಕಿದ್ರಿ ತಾನೆ?"

ಊರಿಗೆಲ್ಲ ಬೀಗ ಹಾಕಿದವನು ಅದೊಂದನ್ನು ಮರೆತಿದ್ದ. ಆ ಸಿಟ್ಟೂ ಸೇರಿ ಅಪ್ಪನ ಮೇಲೆಯೇ ಇನ್ನೆರಡು ಮಾತು ಬಿದ್ದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಯಜಮಾನರು ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದರು, ತಿನ್ನುತ್ತಿರಲಿಲ್ಲ. ಆ ಬೋಳು ನೆತ್ತಿ ಈಗ ಎದುರಿಗೇ ಇತ್ತು. ಚೀಟಿಯಮ್ಮನಿಗೆ ಬಾಯಿ ಬಿಡಲಾಗಲಿಲ್ಲ. ಹೇಳಿದರೆ ಇನ್ನೆಂದೂ ಆ ಅಂಗಡಿಯ ಹೊಸ್ತಿಲಿನ ಹತ್ತಿರಕ್ಕೂ ಬಿಡುವುದಿಲ್ಲ. ಈ ಫೋನೂ ಕೈಯಲ್ಲಿ ಉಳಿಯುವುದಿಲ್ಲ. ಇಪ್ಪತ್ತಾರು ವರ್ಷ ಬಾಗಿಲು ಕಾದವಳೇ ಬಾಗಿಲು ತೆರೆದುಕೊಟ್ಟಳು ಎನ್ನುತ್ತಾರೆ. ಎನ್ನುವುದೇನು, ಆದದ್ದೇ ಅದು.

ಶುಕ್ರವಾರ ಎಂದಿನಂತೆ ಡಬ್ಬಿ ಕಟ್ಟಿದಳು. ಎಂದಿನಂತೆ ಮೆಟ್ಟಿಲ ಸದ್ದು ಅಡಗಿತು. ಹನ್ನೆರಡರವರೆಗೆ ಕೂತಳು, ಎದ್ದಳು, ಮತ್ತೆ ಕೂತಳು. ಮಾಡದ ತಪ್ಪಿಗೆ ಗಂಡ ರೆಕಾರ್ಡಿಂಗಿನ ಮುಂದೆ ನಿಂತಿರುವುದೇ ಕಣ್ಣ ಮುಂದೆ ಬರುತ್ತಿತ್ತು. ಒಂದು ಗಂಟೆಗೆ ಬೀಗ ಹಾಕಿ ಬಸ್ಸು ಹಿಡಿದಳು. ಕ್ಯಾಮೆರಾ ಹೇಳುವ ಮೊದಲು ತಾನೇ ಹೇಳಬೇಕು ಎಂದಿತ್ತು.

ಅಂಗಡಿಯ ಮುಂದೆ ಐದಾರು ಜನ ಫೋನು ಹಿಡಿದು ನಿಂತಿದ್ದರು. ಪಕ್ಕದ ಟೈಲರು ಅವಳನ್ನು ಕಂಡು ದಾರಿ ಬಿಡಿಸಿದ.

"ಬನ್ನಿ ಚೀಟಿಯಮ್ಮ. ಈಗ ತಾನೇ ಇವರಿಗೆ ಹೇಳ್ತಿದ್ದೆ, ನೀವು ಇಲ್ಲಿ ಇದ್ದಿದ್ರೆ ಇಂಥದ್ದು ಆಗ್ತಿರ್ಲಿಲ್ಲ ಅಂತ."

"ನಿಜ," ಎಂದರು ಇನ್ನೊಬ್ಬರು. "ಆ ಚೀಟಿ ಇದ್ದಾಗ ಒಂದು ದಿನ ಮೋಸ ಆಗಿರ್ಲಿಲ್ಲ."

ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಅಲಾರಮ್ಮಿನ ಗುಂಡಿಗಳ ಸಂದಿಯಲ್ಲಿ ತಿಂಗಳಿಗೂ ಮೇಲಿನ ಧೂಳಿತ್ತು. ಮುಟ್ಟಲಿಲ್ಲ.

ಮಗ ಬೆನ್ನು ಹಾಕಿ ಕಂಪ್ಯೂಟರಿನ ಮುಂದೆ ಕೂತಿದ್ದ. ಯಜಮಾನರು ತಮ್ಮ ಮೇಜಿನಲ್ಲಿ ಬಗ್ಗಿದ್ದರು. ಪರದೆಯ ಮೇಲೆ ನಿನ್ನೆಯ ಮಧ್ಯಾಹ್ನ ಓಡುತ್ತಿತ್ತು, ಮೂಲೆಯಲ್ಲಿ ಗಂಟೆ: ಒಂದು ಮೂವತ್ತೆಂಟು. ಅವಳು ಬಾಗಿಲಲ್ಲೇ ನಿಂತಳು. ಅವಳು ಆರು ಅಂಕಿ ಓದಿ ಹೇಳಿದ ಹೊತ್ತು ಅದು.

ಪರದೆಯ ಯಜಮಾನರು ಊಟ ಮುಗಿಸಿ ಪೇಪರು ಮಡಚಿದರು. ಅಂಗಡಿಯ ಫೋನು ದೂರದ ಕೌಂಟರಿನ ಮೇಲೆಯೇ ಇತ್ತು, ಅದರ ಕಡೆ ಅವರು ತಿರುಗಿಯೂ ನೋಡಲಿಲ್ಲ. ಡಬ್ಬಿ ಎತ್ತಿಕೊಂಡು ಎದ್ದರು. ನಡೆದು ಬಂದು ಕ್ಯಾಮೆರಾದ ಕೆಳಗೆ ನಿಂತು ಮುಖ ಮೇಲೆತ್ತಿದರು. ಡಬ್ಬಿಯನ್ನು ಓರೆ ಮಾಡಿ ಅದರ ಖಾಲಿ ತಳವನ್ನು ಕ್ಯಾಮೆರಾಕ್ಕೆ ತೋರಿಸಿದರು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ತುಟಿ ಅಲುಗಿತು. ಆಮೇಲೆ ನಲ್ಲಿಯ ಕಡೆ ಹೋದರು.

"ಇದೇನಪ್ಪ?" ಎಂದ ಮಗ.

ಯಜಮಾನರು ತಲೆ ಎತ್ತಲಿಲ್ಲ. ಮಗ ಬುಧವಾರಕ್ಕೆ ಹೋದ. ಬುಧವಾರವೂ ಡಬ್ಬಿ, ಕ್ಯಾಮೆರಾ, ಅಲುಗುವ ತುಟಿ. ಮಂಗಳವಾರವೂ ಅದೇ. ಹಿಂದಿನ ವಾರದ ಒಂದು ದಿನ ತಳದಲ್ಲಿ ಏನೋ ಉಳಿದಿತ್ತು. ಯಜಮಾನರು ಅದನ್ನು ಬೆರಳಿನಿಂದ ಬಳಿದು, ಮುಖ ಕಿವುಚಿಕೊಂಡು ಕ್ಯಾಮೆರಾದ ಎದುರೇ ತಿಂದು, ಮತ್ತೆ ಡಬ್ಬಿ ತೋರಿಸಿದ್ದರು.

"ಯಾರಿಗೆ ತೋರಿಸ್ತಿದ್ದೀಯ?"

"ನಿಮ್ಮಮ್ಮಂಗೆ. ಇನ್ಯಾರಿಗೆ," ಎಂದರು ಯಜಮಾನರು ಸ್ಕ್ರೂಡ್ರೈವರ್ ತಿರುಗಿಸುತ್ತಲೇ. "ನೋಡ್ತಿರ್ತಾಳಲ್ಲ. ಅವತ್ತು ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ತಪ್ಪಾಯ್ತು ಅಂತ ಹೇಳೋಕೆ ಈ ವಯಸ್ಸಲ್ಲಿ ಎಲ್ಲಿ ಬಾಯಿ ಬರುತ್ತೆ?"

ಮಗ ಮೌಸು ಒತ್ತಿ ಚಿತ್ರ ನಿಲ್ಲಿಸಿದ.

"ಏನು ಹೇಳ್ತಿದ್ರಿ ಅಲ್ಲಿ?" ಎಂದಳು ಚೀಟಿಯಮ್ಮ ಬಾಗಿಲಿನಿಂದ.

ಇಬ್ಬರೂ ತಿರುಗಿದರು. ಯಜಮಾನರು ಭೂತಗಾಜು ಹಣೆಗೆ ಏರಿಸಿ ಅವಳನ್ನು ನೋಡಿದರು. "ಊಟ ಆಯ್ತು ಅಂತ," ಎಂದರು. "ನಿಂದಾಯ್ತಾ ಅಂತ. ದಿನಾ ನೋಡ್ತಿದ್ಯಲ್ಲ, ಗೊತ್ತಾಗ್ಲಿಲ್ವಾ?"

"ನಂಗೆ ಕಾಣ್ತಿರ್ಲಿಲ್ಲ ರೀ."

"ಯಾವತ್ತು?"

"ಯಾವತ್ತೂ. ಜಗಳ ಆದ ಮರುದಿನದಿಂದ."

ಯಜಮಾನರು ಮಗನ ಕಡೆ ನೋಡಿದರು. "ನಾನೇ ತೆಗೆದೆ," ಎಂದ ಮಗ ಸಣ್ಣ ದನಿಯಲ್ಲಿ. "ಹೇಳ್ಲಿಲ್ಲ ಯಾರಿಗೂ."

ಅಂಗಡಿಯ ಹೊರಗೆ ಜನ ಮಾತಾಡುತ್ತಿದ್ದರು. ಚೀಟಿಯಮ್ಮ ಕೈಚೀಲದಿಂದ ಫೋನು ತೆಗೆದು ಮಗನ ಮುಂದೆ ಇಟ್ಟಳು.

"ಆ ನಂಬರ್ ಹೇಳಿದ್ದು ನಾನು. ನಿಮ್ಮಪ್ಪನ್ನ ಬಿಡು. ಯಾರೂ ಫೋನ್ ಮಾಡಿರ್ಲಿಲ್ಲ, ನಾನೇ ಹುಡುಕಿ ಮಾಡಿದ್ದು. ನೋಡು, ಅದರಲ್ಲೇ ಇದೆ."

ಮಗ ನೋಡಿದ. ಗುರುವಾರ, ಒಂದು ಮೂವತ್ತೆರಡರಿಂದ ಏಳು ನಿಮಿಷ. ಬೈಯಲು ಬಾಯಿ ತೆರೆದ. ಕಂಪ್ಯೂಟರಿನಲ್ಲಿ ಅವನ ಅಪ್ಪ ಇನ್ನೂ ಡಬ್ಬಿ ಎತ್ತಿ ಹಿಡಿದು ನಿಂತಿದ್ದರು. ಬಾಯಿ ಮುಚ್ಚಿದ.

"ಕ್ಯಾಮೆರಾ ಬೇಕಿತ್ತು ಅಂತಾನಾ ಅಮ್ಮ?"

"ಊಟದ ಹೊತ್ತಿಗೆ ಮಾತ್ರ."

ಅವನು ಸಣ್ಣ ಸೂಜಿ ತೆಗೆದುಕೊಂಡು ಅವಳ ಫೋನಿನಿಂದ ಸಿಮ್ ಹೊರಗೆಳೆದ. "ಈ ನಂಬರ್ ಇನ್ಮೇಲೆ ಅಂಗಡೀಲೇ ಇರ್ಬೇಕು," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಮೆದುತನವೂ ಇರಲಿಲ್ಲ.

"ಇರ್ಲಿ," ಎಂದಳು. ಇಪ್ಪತ್ತಾರು ವರ್ಷದಲ್ಲಿ ಅಂಗಡಿಯದೆಂದು ಅವಳ ಕೈಯಲ್ಲಿ ಉಳಿದಿದ್ದದ್ದು ಅದೊಂದೇ.

ಮಗ ಎದ್ದು ಹೊರಗೆ ಹೋಗಿ ಗಿರಾಕಿಗಳ ಮುಂದೆ ನಿಂತ. "ತಪ್ಪು ನಮ್ದು," ಎನ್ನುವುದು ಒಳಗೂ ಕೇಳಿಸಿತು. "ಪಿನ್ ಹಾಕ್ಬೇಕಿತ್ತು, ನಾನು ಹಾಕಿರ್ಲಿಲ್ಲ. ದುಡ್ಡು ಹಾಕಿದವರ ರಿಪೇರಿಗೆ ಇಲ್ಲಿ ಏನೂ ಕೊಡೋದು ಬೇಡ." ತಾಯಿಯ ಸುದ್ದಿ ಎತ್ತಲಿಲ್ಲ.

ಎರಡೂಕಾಲು ಆಗಿತ್ತು. ಬೆಳಗ್ಗಿನಿಂದ ಜನ ತುಂಬಿಕೊಂಡು ಯಜಮಾನರ ಡಬ್ಬಿ ಇನ್ನೂ ತೆರೆದಿರಲಿಲ್ಲ. ಅವರು ಮೇಜಿನ ಮೇಲೆ ಪೇಪರು ಹಾಸಿದರು. ಸ್ಟೂಲಿನ ಮೇಲೆ ಪ್ರಿಂಟರು ಇದ್ದದ್ದರಿಂದ ಚೀಟಿಯಮ್ಮ ಒಂದು ರಟ್ಟಿನ ಪೆಟ್ಟಿಗೆ ಎಳೆದುಕೊಂಡು ಎದುರಿಗೆ ಕೂತಳು.

"ನಿಂದು?" ಎಂದರು.

"ಮನೇಗೆ ಹೋಗಿ ಮಾಡ್ತೀನಿ. ನೀವು ಮಾಡಿ."

ಅನ್ನ, ಬೇಳೆ, ಸಣ್ಣಗೆ ಹೆಚ್ಚಿದ ಬೀನ್ಸು. ನಾಳೆ ಒಂದೂವರೆಗೆ ಮತ್ತೆ ಆ ಮನೆ, ಆ ಲೋಟ. ಅದು ಅವಳಿಗೆ ಗೊತ್ತಿತ್ತು. ಅವರಿಗೂ ಗೊತ್ತಿದ್ದಿರಬೇಕು. ಅದಕ್ಕೇ ಎಂದಿಗಿಂತ ನಿಧಾನವಾಗಿ ತಿಂದರು. ಅವಳು ಒಂದು ತುತ್ತನ್ನೂ ಬಿಡದೆ ನೋಡಿದಳು.

ಊಟ ಮುಗಿಸಿ ಅವರು ಡಬ್ಬಿ ಹಿಡಿದು ಎದ್ದರು. ಕಾಲು ತಾನಾಗಿಯೇ ಕ್ಯಾಮೆರಾದ ಕೆಳಗೆ ಹೋಯಿತು. ಮುಖ ಮೇಲೆತ್ತಿ ಕೈ ಎತ್ತಿದವರು ಅಲ್ಲೇ ತಡೆದರು. ತಿರುಗಿ ಬಂದು ಡಬ್ಬಿಯನ್ನು ಓರೆ ಮಾಡಿ ಅವಳ ಮುಂದೆ ಹಿಡಿದರು. ಬೀನ್ಸಿನ ಒಂದು ಚೂರೂ ಉಳಿದಿರಲಿಲ್ಲ.